ಬಟ್ಟೆ ಕಟ್ಟಿದ ಹೀರೇಕಾಯಿ

ನಾನು ಇಪ್ಪತ್ತೊಂದು ವರ್ಷ ಗದಗ ಶಹರಕ್ಕೆ ರುಚಿ ಕಳಿಸಿದವಳು. ಅಶನ ಕೇಂದ್ರದ ನಿಯಂತ್ರಣ ಕೋಣೆಯಲ್ಲಿ ಎಡಗಡೆಯ ಮೂರನೆಯ ಕುರ್ಚಿ ನನ್ನದು. ಅಲ್ಲಿ ಕುಳಿತು ಒಂದು ಗುಂಡಿ ಒತ್ತಿದರೆ ಬೆಟಗೇರಿಯ ಯಾವುದೋ ಮನೆಯಲ್ಲಿ ಯಾರದೋ ನಾಲಿಗೆಯ ಮೇಲೆ ಬದನೆಕಾಯಿ ಎಣ್ಣೆಗಾಯಿ ಹುಟ್ಟುತ್ತಿತ್ತು, ಇನ್ನೊಂದು ಒತ್ತಿದರೆ ಹೋಳಿಗೆ. ಊರಿಗೆಲ್ಲ ಹೀಗೆ ಉಣ್ಣಿಸಿದ ಈ ಕುಮುದಿನಿಗೆ ಕಟ್ಟಿಕೊಂಡ ಗಂಡನಿಗೆ ಒಂದು ತುತ್ತು ಉಣ್ಣಿಸಲಿಕ್ಕೆ ಆಗಲಿಲ್ಲ. ಅದನ್ನೇ ಹೇಳಲು ಹೊರಟಿದ್ದೇನೆ.

ಕಪ್ಪತಗುಡ್ಡದ ಬುಡದಲ್ಲಿ ಕೆರೆಯಷ್ಟು ದೊಡ್ಡ ತೊಟ್ಟಿಗಳಿದ್ದವು. ಅವುಗಳಲ್ಲಿ ಬೆಳೆದ ಪಾಚಿಯನ್ನು ಸೋಸಿ, ಬೇಯಿಸಿ, ಗಂಜಿಯ ಹದಕ್ಕೆ ತಂದು ನಳದಲ್ಲಿ ಮನೆಮನೆಗೆ ಬಿಡುತ್ತಿದ್ದರು. ಅದರ ಹೆಸರು ಸಾರ. ಸಾರಕ್ಕೆ ಬಣ್ಣ ಇರಲಿಲ್ಲ, ವಾಸನೆ ಇರಲಿಲ್ಲ, ರುಚಿಯಂತೂ ಇರಲೇ ಇಲ್ಲ. ರುಚಿ ಬರುತ್ತಿದ್ದದ್ದು ಚಮಚದಿಂದ. ನಾಲಿಗೆಗೆ ತಾಗಿದೊಡನೆ ಅದರ ತುದಿಯಲ್ಲಿ ಕಾಣದಷ್ಟು ಸಣ್ಣ ನಡುಕ ಹುಟ್ಟಿ, ಬಾಯಲ್ಲಿರುವುದು ಇಂಥದ್ದು ಎಂದು ಮಿದುಳನ್ನು ನಂಬಿಸುತ್ತಿತ್ತು. ನಮ್ಮ ಕೋಣೆಯ ಕಪಾಟಿನಲ್ಲಿ ಅಂಥ ನಲವತ್ತು ಸಾವಿರ ನಡುಕಗಳಿದ್ದವು.

ನಿಮಗೆ ಇದು ವಿಚಿತ್ರ ಅನ್ನಿಸಬಹುದು. ನಮಗೆ ಅನ್ನಿಸಲಿಲ್ಲ. ಯಾರೂ ಬಲವಂತ ಮಾಡಿರಲಿಲ್ಲ, ನಾವೇ ನಗುನಗುತ್ತ ಒಲೆ ಕಿತ್ತು ಹಾಕಿದೆವು. ಹೊಗೆ ತಪ್ಪಿತು, ಮುಸುರೆ ತಪ್ಪಿತು, ಇವತ್ತೇನು ಪಲ್ಯ ಮಾಡಲಿ ಎಂಬ ತಲೆಬಿಸಿ ತಪ್ಪಿತು. ಒಂದೇ ಮನೆಯಲ್ಲಿ ಅತ್ತೆಗೆ ಒಂದು ರುಚಿ, ಸೊಸೆಗೆ ಒಂದು. ಜಗಳವೂ ತಪ್ಪಿತು ನೋಡಿ, ಅದಕ್ಕಿಂತ ಹೆಚ್ಚು ಏನು ಬೇಕು?

ಪ್ರತಿಯೊಬ್ಬರ ಮಣಿಕಟ್ಟಿಗೂ ಒಂದು ಪಟ್ಟಿ. ಅದು ರಕ್ತ ನೋಡುತ್ತಿತ್ತು. ಹೊಟ್ಟೆ ಹಸಿಯುವುದಕ್ಕೆ ಕಾಲು ಗಂಟೆ ಮೊದಲೇ ಕೇಂದ್ರಕ್ಕೆ ಸುದ್ದಿ ಬಂದು ನಲ್ಲಿ ತಾನಾಗಿ ಬಟ್ಟಲು ತುಂಬುತ್ತಿತ್ತು. ನಮ್ಮ ಮುಂದಿನ ಫಲಕದಲ್ಲಿ ಮನೆಗೊಂದು ಪುಟ್ಟ ಕೆಂಪು ದೀಪ ಇತ್ತು. ಆ ಮನೆಯಲ್ಲಿ ಯಾರಿಗಾದರೂ ನಿಜವಾಗಿ ಹಸಿವಾದರೆ ಮಾತ್ರ ಅದು ಹತ್ತಬೇಕು. ಇಪ್ಪತ್ತೊಂದು ವರ್ಷದಲ್ಲಿ ಒಂದು ದೀಪವೂ ಹತ್ತಿರಲಿಲ್ಲ. ಅದೇ ನಮ್ಮ ಹೆಮ್ಮೆ. ದಸರೆಗೆ ಆ ಫಲಕಕ್ಕೆ ಕುಂಕುಮ ಹಚ್ಚುತ್ತಿದ್ದೆವು.

ಊರಿನಲ್ಲಿ ಒಂದು ಮಾತು ಮಾತ್ರ ಸದ್ದಿಲ್ಲದೆ ಸತ್ತುಹೋಗಿತ್ತು. ಎದುರಿಗೆ ಸಿಕ್ಕವರನ್ನು 'ಊಟ ಆತೇನ್ರಿ?' ಎಂದು ಯಾರೂ ಕೇಳುತ್ತಿರಲಿಲ್ಲ. ಆಗಿಯೇ ಇರುತ್ತದೆಂದು ಗೊತ್ತಿರುವಾಗ ಕೇಳುವುದೇನು? ಆಮೇಲೆ ಕೇಳಲಿಕ್ಕೆ ಬೇರೇನೂ ಹೊಳೆಯದೆ ಸುಮ್ಮನೆ ಹೋಗುವುದು ರೂಢಿಯಾಯಿತು. ನಮ್ಮ ಕಟ್ಟಡದಲ್ಲಿ ಹನ್ನೊಂದು ಮನೆ. ಅರ್ಧ ಜನರ ಹೆಸರು ನನಗೆ ಗೊತ್ತಿರಲಿಲ್ಲ.

ನನ್ನ ಗಂಡ ಅಂದಾನೆಪ್ಪ ಗುಡ್ಡದ ಮೇಲಿನ ಗಾಳಿಯಂತ್ರಗಳ ಮೆಕ್ಯಾನಿಕ್. ಮುನ್ನೂರು ಅಡಿ ಏಣಿ ಹತ್ತಿ ಮೋಡದ ಜೊತೆ ಮಾತಾಡಿ ಬರುವ ಮನುಷ್ಯ. ಆ ವರ್ಷ ಯುಗಾದಿಯ ಹೊತ್ತಿಗೆ ಅವರ ಬೆಲ್ಟಿಗೆ ಹೊಸ ತೂತು ಹೊಡೆಯಬೇಕಾಯಿತು. ಮುಂದಿನ ತಿಂಗಳು ಇನ್ನೊಂದು. ಬಟ್ಟಲು ತುಂಬುತ್ತಿತ್ತು, ಅವರು ನೋಡುತ್ತ ಕೂರುತ್ತಿದ್ದರು. ಎರಡು ಚಮಚ ನುಂಗಿದರೆ ಹೊಟ್ಟೆ ತೊಳಸುತ್ತದೆ ಎನ್ನುತ್ತಿದ್ದರು.

"ಹಸಿವಳಿಕೆ" ಎಂದರು ಮಧುಮತಿ ಡಾಕ್ಟರು. ಊರಲ್ಲಿ ಆಗಲೇ ನೂರಾರು ಜನರಿಗೆ ಅದು ಬಂದಿತ್ತು. "ಹೊಟ್ಟಿ ಮಿದುಳಿಗೆ ಒಂದು ಚೀಟಿ ಬರೀತೈತ್ರಿ, ಊಟ ಕಳಸು ಅಂತ. ಚೀಟಿ ಬರಿಯೂಕಿಂತ ಮೊದ್ಲ ಊಟ ಬಂದಬಿಟ್ರ? ವರ್ಷಾನುಗಟ್ಟಲೆ ಹಿಂಗ ಆದ್ರ ಅದಕ್ಕ ಬರಿಯೂದ ಮರತ ಹೋಕ್ಕೈತಿ."

"ಔಷಧ?" ಎಂದೆ.

"ಇಲ್ರಿ. ಎರಡು ತಿಂಗಳು ನೋಡೂಣು. ಹಸಿವು ತಾನ ಹೊಳ್ಳಿ ಬಂದ್ರ ಬಂತು. ಇಲ್ಲಾಂದ್ರ ಶಯನಾಲಯಕ್ಕ ಕರ್ಕೊಂಡ ಹೋಗಬೇಕಾಕ್ಕೈತಿ. ಅರವತ್ತನೇ ದಿನ ಸಂಜಿಗೆ ಗಾಡಿ ತಗೊಂಡ ಬರ್ತೀನಿ."

ಶಯನಾಲಯವನ್ನು ನಾನು ನೋಡಿದ್ದೆ. ಉದ್ದನೆಯ ತಂಪು ಕೋಣೆ, ಸಾಲು ಮಂಚ, ನೀಲಿ ಬೆಳಕು. ಹಸಿವಳಿದವರನ್ನು ಮಲಗಿಸಿ ನರದ ಮೂಲಕ ಸಾರ ಹರಿಸುತ್ತಾರೆ. ಯಾರ ಮುಖದಲ್ಲೂ ನೋವಿಲ್ಲ. ಎದ್ದು ಬಂದವರೂ ಇಲ್ಲ.

ಆವತ್ತಿನಿಂದ ನಾನು ಕೋಣೆಯಲ್ಲಿ ಕುಳಿತು ಕಳ್ಳತನ ಶುರು ಮಾಡಿದೆ. ನಮ್ಮ ಮನೆಯ ಚಮಚಕ್ಕೆ ಕಪಾಟಿನಲ್ಲಿದ್ದದ್ದನ್ನೆಲ್ಲ ಕಳಿಸಿದೆ. ಮದುವೆಮನೆಯ ಬುಂದಿ ಕಳಿಸಿದೆ. ಅವರ ಅವ್ವ ಮಾಡುತ್ತಿದ್ದ ಪುಂಡಿಪಲ್ಯದ ರುಚಿಯನ್ನು ಅವರಿವರನ್ನು ಕೇಳಿ, ಹುಳಿ ಒಂದಿಷ್ಟು ಖಾರ ಒಂದಿಷ್ಟು ಕೂಡಿಸಿ, ಮೂರು ದಿನ ಕೂತು ಕಟ್ಟಿ ಕಳಿಸಿದೆ. ಮನೆಗೆ ಹೋಗಿ ಕೇಳಿದರೆ, "ಭಾಳ ಚೊಲೋ ಇತ್ತು ಕುಮುದಾ, ಅವ್ವನ ನೆನಪಾತು. ಆದ್ರ ಸೇರಲಿಲ್ಲ" ಎಂದರು. ಬಟ್ಟಲು ತುಂಬಿದ್ದು ತುಂಬಿದಂತೆಯೇ ಇತ್ತು.

ಪಕ್ಕದ ಕುರ್ಚಿಯ ಜಯತೀರ್ಥ ಇದನ್ನೆಲ್ಲ ನೋಡಿಯೂ ನೋಡದವರಂತೆ ಇದ್ದರು. ಒಂದು ದಿನ ತಡೆಯಲಾರದೆ ಹೇಳಿದರು: "ಹಸಿವಿಗೆ ರುಚಿ ಬ್ಯಾಡ, ನಿದ್ದಿಗೆ ಹಾಸಿಗಿ ಬ್ಯಾಡ ಅಂತ ನಮ್ಮ ಅಜ್ಜಿ ಅಂತಿದ್ರು, ಕುಮುದಿನಿಯವ್ರೇ. ಹಸಿವೇ ಇಲ್ಲದವ್ರಿಗೆ ನೀವು ಎಷ್ಟ್ ರುಚಿ ಕಳಿಸಿದ್ರ ಏನ್ ಬಂತು?"

ಮೈಯೆಲ್ಲ ಉರಿಯಿತು. ಮಾತು ನಿಜವಾಗಿತ್ತು, ಅದಕ್ಕೇ ಉರಿಯಿತು.

ರಜೆಯ ಮೇಲಿದ್ದ ಅಂದಾನೆಪ್ಪ ಹೊತ್ತು ಹೋಗದೆ ಕಟ್ಟಡದ ಮಾಳಿಗೆ ಹತ್ತಿ ದೂರದ ಗಾಳಿಯಂತ್ರಗಳನ್ನು ನೋಡುತ್ತ ಕೂರುತ್ತಿದ್ದರು. ಅಲ್ಲಿ ಅವರಿಗೆ ಹುಸೇನಬಿ ಸಿಕ್ಕಳು. ಮೂರನೆಯ ಮಹಡಿಯ ಮುದುಕಿ, ಎಲ್ಲರೂ ಆಯಿ ಎನ್ನುತ್ತಿದ್ದರು. ಒಡೆದ ನೀರಿನ ತೊಟ್ಟಿಯೊಂದಕ್ಕೆ ಎಂದೋ ಎರೆಮಣ್ಣು ಹೊತ್ತು ತಂದು ತುಂಬಿ, ಅದರಲ್ಲಿ ಒಂದು ಹೀರೇಬಳ್ಳಿ ಹಬ್ಬಿಸಿದ್ದಳು. ಬುಡದಲ್ಲಿ ಅಂಗೈಯಷ್ಟು ಜಾಗದಲ್ಲಿ, ಹಸಿಯಾಗಿಯೇ ತಿನ್ನುವ ಹಕ್ಕರಕಿ ಸೊಪ್ಪು. ಕಟ್ಟಡದವರಿಗೆ ಅದೊಂದು ಕೊಳಕು, ಮುದುಕಿಯ ಹುಚ್ಚು. ನನಗೂ ಹಾಗೇ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ.

"ಸುಮ್ನ ಕುಂತಿಯಲ್ಲೋ ತಮ್ಮಾ, ಆ ಕೊಡಾ ತಗೊಂಡ ಎರಡು ಕೊಡ ನೀರು ಹಾಕ" ಎಂದಳಂತೆ. ಇವರು ಹಾಕಿದರು. ಮರುದಿನವೂ ಹಾಕಿದರು. ಸಂಜೆ ಮನೆಗೆ ಬಂದಾಗ ಉಗುರಿನ ಸಂದಿಯಲ್ಲಿ ಕಪ್ಪು ಮಣ್ಣು. ತೊಳೆದುಕೊಳ್ಳಿ ಎಂದರೆ, ಇರಲಿ ಬಿಡು, ವಾಸನೆ ಚೆನ್ನಾಗಿದೆ ಎಂದರು.

ಹತ್ತೋ ಹನ್ನೆರಡೋ ದಿನ ಹೀಗೇ ಆಯಿತು. ಬಳ್ಳಿಯ ಸಂಗತಿ ಮಾತಾಡುವಾಗ ಅವರ ದನಿ ಬೇರೆಯಾಗುತ್ತಿತ್ತು. ಹಾಗಾದರೆ ಅದರ ಕಾಯಿಯನ್ನು ತಿನ್ನಲೂಬಹುದು ಎಂದು ನನಗೆ ಆಸೆ ಹುಟ್ಟಿತು. ಒಂದು ಮಧ್ಯಾಹ್ನ ಅವರು ಮಲಗಿದ್ದಾಗ ನಾನೇ ಮಾಳಿಗೆ ಹತ್ತಿದೆ. ಎಲ್ಲೋ ನಾಲ್ಕು ಎಳೆಗಾಯಿ ಇದ್ದವು, ಬೆರಳಿನಷ್ಟು. ಎಲ್ಲಕ್ಕಿಂತ ಕೆಳಗೆ, ಮೊಳಕ್ಕಿಂತ ಉದ್ದದ ಒಂದು ಭಾರಿ ಕಾಯಿ. ಅದರ ತೊಟ್ಟಿಗೆ ಕೆಂಪು ಬಟ್ಟೆಯ ಚಿಂದಿ ಕಟ್ಟಿತ್ತು. ಭಾರಕ್ಕೆ ಬೀಳದಿರಲಿ ಎಂದು ಕಟ್ಟಿರಬೇಕು ಅಂದುಕೊಂಡೆ. ದೊಡ್ಡದಾದಷ್ಟೂ ತಿನ್ನಲು ಹೆಚ್ಚು, ನಮ್ಮ ಕೋಣೆಯಲ್ಲಿ ಕಲಿತ ಲೆಕ್ಕ ಅಷ್ಟೇ. ಬಟ್ಟೆ ಬಿಚ್ಚಿ ಕಾಯಿ ಕಿತ್ತೆ.

ಮನೆಯಲ್ಲಿ ಒಲೆ ಎಲ್ಲಿಂದ ಬರಬೇಕು? ಹೆರೆದು, ಸೀಳಿ, ಉಪ್ಪು ಹಾಕಿ ತಟ್ಟೆಯಲ್ಲಿಟ್ಟೆ. ಅಂದಾನೆಪ್ಪ ಎದ್ದು ಬಂದು, ನನ್ನ ಮುಖ ನೋಡಿ, ಪಾಪ ಎಂದು ಒಂದು ಚೂರು ಬಾಯಿಗೆ ಹಾಕಿಕೊಂಡರು. ಅಗಿದರು, ಅಗಿದರು. ಕೊನೆಗೆ ಬಾಯಿಂದ ಒಂದು ಹಿಡಿ ನಾರು ಎಳೆದು ತೆಗೆದರು.

"ಇದು ಮೈ ತಿಕ್ಕೂ ನಾರಲ್ಲ?" ಎಂದರು. ಅಷ್ಟರಲ್ಲಿ ತಟ್ಟೆಯ ಪಕ್ಕದಲ್ಲಿದ್ದ ಕೆಂಪು ಚಿಂದಿ ಕಣ್ಣಿಗೆ ಬಿತ್ತು. ಅವರ ಮುಖ ಬಿಗಿಯಾಯಿತು. "ಬಟ್ಟಿ ಕಟ್ಟಿದ ಕಾಯಿ ಯಾಕ ಹರದಿ? ಅದು ಬೀಜಕ್ಕ ಬಿಟ್ಟದ್ದು. ಬಟ್ಟಿ ಕಟ್ಟಿದ್ದನ್ನ ಯಾರೂ ಮುಟ್ಟಬಾರ್ದು. ಅಷ್ಟೂ ತಿಳಿಯಂಗಿಲ್ಲ ನಿನಗ?"

ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಅವರು ನನ್ನ ಮೇಲೆ ಹೀಗೆ ಸಿಟ್ಟು ಮಾಡಿರಲಿಲ್ಲ. ತಿಂಗಳುಗಟ್ಟಲೆ ತಣ್ಣಗೆ ಕುಳಿತಿದ್ದ ಮನುಷ್ಯನ ಕಣ್ಣಲ್ಲಿ ಬೆಂಕಿ ಕಂಡು, ಬೈಸಿಕೊಳ್ಳುತ್ತಲೇ ನನಗೆ ಒಳಗೊಳಗೆ ಖುಷಿಯಾಯಿತು. ಹೆಂಗಸರ ಮನಸ್ಸು ಎಂಥ ವಿಚಿತ್ರ ನೋಡಿ.

ಆಯಿಯ ಮುಂದೆ ಹೋಗಿ ನಿಂತಾಗ ಆ ಖುಷಿ ಇಳಿಯಿತು. ಸೀಳಿದ ಕಾಯಿಯನ್ನು ಅವಳು ಕೈಯಲ್ಲಿ ಹಿಡಿದು, ಒಳಗಿನ ಬೀಜ ಒಂದನ್ನು ಉಗುರಿನಿಂದ ಒತ್ತಿದಳು. ಬಿಳಿ ಬೀಜ, ಮೆತ್ತಗೆ ಒಡೆಯಿತು.

"ಇನ್ನಾ ಹಾಲಬೀಜ" ಎಂದಳು. "ಇದು ಹುಟ್ಟಂಗಿಲ್ಲ."

"ಬೇರೆ ಬೀಜ ಇಲ್ಲೇನು ಆಯಿ?"

"ಕಡೀದ್ದು ಐದು ಇದ್ದೂ. ಬೂದಿ ಹಚ್ಚಿ ಇಟ್ಟಿದ್ದೆ. ಐದೂ ಹಾಕಿದೆ, ಒಂದ ಬಳ್ಳಿ ಬಂತು." ಕಾಯಿಯ ಎರಡೂ ಸೀಳು ಜೋಡಿಸಿ ಹಿಡಿದಳು. "ನಮ್ಮವ್ವ ನನ್ನ ಲಗ್ನದಾಗ ಉಡಿಯೊಳಗ ಹಾಕಿದ ಬೀಜ ತಂಗಿ. ಆಕಿಗೆ ಆಕಿ ಅವ್ವ ಕೊಟ್ಟಿದ್ಲು."

ಕಾಲಿಗೆ ಬೀಳೋಣ ಅನ್ನಿಸಿತು. ನಲವತ್ತು ಸಾವಿರ ರುಚಿಯ ಒಡತಿ ನಾನು, ಆ ಐದು ಬೀಜದ ವಂಶವನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಿದ್ದೆ. ಆಯಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಂದಾನೆಪ್ಪ ಬಳ್ಳಿಯ ತುದಿ ಹಿಡಿದು ನೋಡುತ್ತಿದ್ದರು. "ಈ ಎಳೀ ಕಾಯಿ ಬೀಜಕ್ಕ ಬಿಟ್ರ ಹ್ಯಾಂಗ ಆಯಿ?"

"ಅವು ಬಾಡಿದ ಹೀಚು. ಪರಾಗ ಸೇರಿಲ್ಲ, ಉದರ್ತಾವ. ಇಲ್ಲಿ ಹುಳಾ ಎಲ್ಲಿ ಬರ್ತಾವ?" ಎಂದಳು ಆಯಿ. "ಆದ್ರ ಬಳ್ಳಿ ಇನ್ನಾ ಸತ್ತಿಲ್ಲ. ಒಂದ ಹೆಣ್ಣ ಹೂವು ಬಂದ್ರ ಸಾಕು. ಕೈಲೆ ಕೂಡಸ್ತೀನಿ."

ಹೀರೇಹೂವು ಬೆಳಿಗ್ಗೆ ಅರಳುವುದಿಲ್ಲ. ನನಗೆ ಅದೂ ಗೊತ್ತಿರಲಿಲ್ಲ. ಹೊತ್ತು ಗುಡ್ಡದ ಹಿಂದೆ ಇಳಿಯುವ ಗಳಿಗೆಯಲ್ಲಿ, ಬಿಸಿಲು ಹಳದಿಯಿಂದ ಬೂದಿಗೆ ತಿರುಗುವಾಗ, ಬಳ್ಳಿಯ ಮೇಲೆ ಒಂದೊಂದೇ ಹಳದಿ ಹೂವು ಬಿಚ್ಚುತ್ತದೆ. ನೋಡುತ್ತಿದ್ದರೆ ಬಿಚ್ಚುವುದು ಕಾಣುವುದಿಲ್ಲ, ಬೇರೆ ಕಡೆ ನೋಡಿ ತಿರುಗಿದರೆ ಬಿಚ್ಚಿರುತ್ತದೆ. ದೂರದಲ್ಲಿ ಗಾಳಿಯಂತ್ರಗಳ ರೆಕ್ಕೆಗಳು ನಿಧಾನವಾಗಿ ತಿರುಗುತ್ತಿದ್ದವು. ಕೆಲಸ ಮುಗಿಸಿ ಬಂದು ನಾನೂ ಮಾಳಿಗೆಯಲ್ಲಿ ಕೂರತೊಡಗಿದೆ. ಆರು ಸಂಜೆ ಬರೀ ಗಂಡು ಹೂವು. ಏಳನೆಯ ಸಂಜೆ ತುದಿಯಲ್ಲಿ ಒಂದು ಹೂವು, ಅದರ ಹಿಂದೆ ಕಡ್ಡಿಯಷ್ಟು ಸಣ್ಣ ಹೀರೇಕಾಯಿ ಮೊದಲೇ ಕೂತಿತ್ತು.

ಆಯಿ, ನೀನ ಕೂಡಸು ಎಂದು ಇವರಿಗೆ ಹೇಳಿ ಪಕ್ಕಕ್ಕೆ ಸರಿದಳು. ಮುನ್ನೂರು ಅಡಿ ಎತ್ತರದಲ್ಲಿ ನಿಂತು ಬೋಲ್ಟು ತಿರುಗಿಸಿದ ಕೈಗಳಿಂದ ಅಂದಾನೆಪ್ಪ ಒಂದು ಗಂಡು ಹೂವು ಕಿತ್ತು, ಎಸಳು ಮಡಿಚಿ, ಹೆಣ್ಣು ಹೂವಿಗೆ ಮೆಲ್ಲಗೆ ತಾಗಿಸಿದರು. ಆ ಕೆಂಪು ಚಿಂದಿಯನ್ನು ನಾನೇ ತೊಳೆದು ತಂದು ಕೊಟ್ಟೆ. ಅವರು ಕಟ್ಟಿದರು.

"ಒಣಗಿ ಒಳಗ ಬೀಜಾ ಸಪ್ಪಳಾ ಮಾಡಬೇಕಂದ್ರ ನಲವತ್ತು ದಿನಾ ಬೇಕು" ಎಂದಳು ಆಯಿ. ನಾನು ಮನಸ್ಸಿನಲ್ಲೇ ಎಣಿಸಿದೆ. ಡಾಕ್ಟರರ ಗಾಡಿಗೆ ಉಳಿದದ್ದು ನಲವತ್ತೊಂದು. ಇವರನ್ನು ಒಯ್ಯುವ ಮೊದಲು ಆ ಸಪ್ಪಳವನ್ನಾದರೂ ಕೇಳಲಿ ಎಂದು ಬೇಡಿಕೊಂಡೆ. ಅದಕ್ಕಿಂತ ಹೆಚ್ಚಿನದನ್ನು ಬೇಡುವ ಧೈರ್ಯ ಇರಲಿಲ್ಲ.

ಕಾಯಿ ಬೆಳೆಯಿತು. ಇವರು ಕರಗಿದರು. ದಿನಕ್ಕೆ ಎರಡು ಚಮಚ, ಅದೂ ನನ್ನ ಸಲುವಾಗಿ. ಆದರೆ ಬೆಳಗಾದರೆ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಿದ್ದರು. ಇವರು ಹೀಗೆ ಹತ್ತುವುದನ್ನು ನೋಡಿ ಎರಡನೆಯ ಮಹಡಿಯ ಟೀಚರು ನೀರಿನ ಕೊಡ ಹಿಡಿದರು. ಅವರ ಹೆಸರು ವತ್ಸಲಾ ಎಂದು ಆಗ ತಿಳಿಯಿತು. ಕೆಳಗಿನ ಮನೆಯ ಟೇಲರ್ ಗಾಳಿಗೆ ಬಳ್ಳಿ ಬೀಳದಿರಲಿ ಎಂದು ಹಳೆಯ ನವಾರ ತಂದು ಕಟ್ಟಿದ. ಸಂಜೆ ಹೂವು ಬಿಚ್ಚುವ ಹೊತ್ತಿಗೆ ಏಳೆಂಟು ಜನ ಮಾಳಿಗೆಯಲ್ಲಿರುತ್ತಿದ್ದರು. ಮೆಟ್ಟಿಲಲ್ಲಿ ಎದುರಾದರೆ ಕೇಳಲಿಕ್ಕೆ ಒಂದು ಮಾತು ಹುಟ್ಟಿತ್ತು: "ಕಾಯಿ ಹ್ಯಾಂಗೈತ್ರಿ?"

ಅದು ನಿಜವಾಗಿಯೂ ಚೆಂದದ ಕಾಯಿ. ಎಳೆಯದಿದ್ದಾಗ ಹಸಿರು ಏಣುಗಳ ಮೇಲೆ ನೀರು ಹೊಳೆಯುತ್ತಿತ್ತು. ಒಂದು ದಿನ ಅಂದಾನೆಪ್ಪ ಅದನ್ನೇ ನೋಡುತ್ತ, "ಇದನ್ನ ಸಣ್ಣಗ ಹೆಚ್ಚಿ, ಬೆಳ್ಳೊಳ್ಳಿ ಒಗ್ಗರಣಿ ಕೊಟ್ಟು, ಕಡ್ಲಿಬ್ಯಾಳಿ ಹಾಕಿ ಮಾಡ್ತಿದ್ಲು ಅವ್ವ" ಎಂದರು.

"ಹರೀಲೇನು?" ಎಂದೆ, ಬೇಕೆಂದೇ.

"ಏ, ಕೈ ಹಚ್ಚಿಗಿಚ್ಚೀಯ" ಎಂದು ಅಡ್ಡ ನಿಂತರು. ಗಂಟಲಲ್ಲಿ ಏನೋ ನುಂಗಿದ್ದು ಕಂಡಿತು. ಅದು ಬಾಯಲ್ಲಿ ಬಂದ ನೀರು ಎಂದು ಆಗ ನನಗೆ ಹೊಳೆಯಲಿಲ್ಲ.

ಮುಂದೆ ಎಲ್ಲ ಮುಗಿದ ಮೇಲೆ ಈ ಸಂಗತಿ ದೊಡ್ಡ ಸುದ್ದಿಯಾಗಿ, ಬಲ್ಲವರು ಬಂದು ತೊಟ್ಟಿಯ ಮಣ್ಣನ್ನು ಸೀಸೆಯಲ್ಲಿ ತುಂಬಿಕೊಂಡು ಹೋದರು. ಎರೆಮಣ್ಣಿನ ಜೀವಾಣು ಬೆರಳಿನಿಂದ ಕರುಳಿಗೆ ಹೋಗಿ ಮಲಗಿದ್ದ ನರವನ್ನು ಎಬ್ಬಿಸಿತು ಎಂದು ಕೆಲವರು ಬರೆದರು. ಬಿಸಿಲು ಎಂದರು ಕೆಲವರು, ಮೆಟ್ಟಿಲು ಎಂದರು ಇನ್ನು ಕೆಲವರು. ಇರಬಹುದು, ನಾನು ಓದಿದವಳಲ್ಲ. ನನಗೆ ತಿಳಿದದ್ದು ಇಷ್ಟು: ಇಪ್ಪತ್ತೊಂದು ವರ್ಷ ನಲ್ಲಿ ನಮಗೆ ಯಾವತ್ತೂ 'ತಡಿ' ಎಂದಿರಲಿಲ್ಲ. ಆ ಕಾಯಿ ದಿನಾ ಎದುರಿಗೆ ತೂಗಾಡುತ್ತ ತಡಿ, ತಡಿ ಎನ್ನುತ್ತಿತ್ತು.

ಅರವತ್ತನೆಯ ದಿನ ನನಗೆ ರಜೆ ಸಿಗಲಿಲ್ಲ. ಬೆಳಿಗ್ಗೆ ಹೊರಡುವಾಗ ಅವರ ಎರಡು ಅಂಗಿ ಮಡಿಚಿ ಚೀಲದಲ್ಲಿಟ್ಟು ಬಂದಿದ್ದೆ. ಕೋಣೆಯಲ್ಲಿ ಕುಳಿತರೂ ಕೈ ಎತ್ತಲೋ ಮನಸ್ಸು ಎತ್ತಲೋ. ಮೆಂತ್ಯ ಕಳಿಸಬೇಕಾದ ಮನೆಗೆ ಶಿರಾ ಕಳಿಸಿದೆ. ಮಧ್ಯಾಹ್ನ ನಾಲ್ಕರ ಸುಮಾರಿಗೆ ಜಯತೀರ್ಥ ಕುರ್ಚಿಯಿಂದ ಅರ್ಧ ಎದ್ದರು.

"ಏನೋ ಕೆಟ್ಟದ್ರಿ. ದೀಪ ಹತ್ತೇದ."

ಸಾವಿರಾರು ಕಪ್ಪು ಚುಕ್ಕೆಗಳ ನಡುವೆ ಒಂದೇ ಒಂದು ಕೆಂಪು. ಇಪ್ಪತ್ತೊಂದು ವರ್ಷ ಒರೆಸಿ ಕುಂಕುಮ ಹಚ್ಚಿದ ಫಲಕ, ನನಗೆ ಸಂಖ್ಯೆ ಓದುವ ಅಗತ್ಯ ಇರಲಿಲ್ಲ. ಅದು ನಮ್ಮ ಮನೆ.

ನಿಯಮದ ಪ್ರಕಾರ ದೀಪ ಹತ್ತಿದ ತೊಂಬತ್ತು ಸೆಕೆಂಡಿನಲ್ಲಿ ಸಾರ ಬಿಡಬೇಕು. ಜಯತೀರ್ಥರ ಕೈ ಗುಂಡಿಯ ಮೇಲೆ ಹೋಗಿತ್ತು. ನಾನು ಆ ಕೈ ಹಿಡಿದೆ. ಪರಗಂಡಸಿನ ಕೈ ಹಿಡಿದದ್ದು ಅದೇ ಮೊದಲು, ಅದೇ ಕೊನೆ.

"ಬಿಡಬ್ಯಾಡ್ರಿ" ಎಂದೆ. "ನಿಮ್ಮ ಕಾಲಿಗೆ ಬೀಳ್ತೀನಿ, ಅದೊಂದು ದೀಪ ಹಂಗ ಇರ್ಲಿ."

ಅವರು ನನ್ನ ಮುಖ ನೋಡಿದರು, ದೀಪ ನೋಡಿದರು. ಆಮೇಲೆ ತಾವೇ ನಮ್ಮ ಮನೆಯ ನಳದ ಕೀಲಿ ತಿರುಗಿಸಿ ಬಂದ್ ಮಾಡಿದರು. "ಹೋಗ್ರಿ. ಯಾರರೆ ಕೇಳಿದ್ರ ನಾ ನೋಡ್ಕೋತೀನಿ."

ಓಡಿದೆ. ಎರಡು ಮೈಲಿ, ಆಮೇಲೆ ಮೂರು ಮಹಡಿಯ ಮೆಟ್ಟಿಲು. ಮಾಳಿಗೆಯಲ್ಲಿ ಬಳ್ಳಿ ಪೂರ್ತಿ ಒಣಗಿ ನಿಂತಿತ್ತು. ಅದರ ಬುಡದಲ್ಲಿ ಅಂದಾನೆಪ್ಪ ಹೊಟ್ಟೆ ಹಿಡಿದುಕೊಂಡು ಬಾಗಿ ಕುಳಿತಿದ್ದರು, ತೊಡೆಯ ಮೇಲೆ ಕಂದು ಬಣ್ಣಕ್ಕೆ ತಿರುಗಿದ ಕಾಯಿ. ವತ್ಸಲಾ ಟೀಚರು ಗಾಳಿ ಹಾಕುತ್ತಿದ್ದರು.

"ಕುಮುದಾ, ಬಂದೀ? ಡಾಕ್ಟರ್ನ ಲಗೂನ ಕರೀ" ಎಂದರು ಇವರು. "ಕಾಯಿ ಅಳಗ್ಯಾಡಿಸಿ ನೋಡಿದೆ, ಬೀಜಾ ಗಲಗಲ ಅಂದೂ. ಆವಾಗಿಂದ ಹೊಟ್ಯಾಗ ಯಾರೋ ಕೆರದಂಗ ಆಗಾಕತ್ತೈತಿ. ಕಿವುಚಿದಂಗ. ನನಗ ಏನೋ ಆಗೇತಿ."

ಆಯಿ ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದಳು. ಕಣ್ಣಲ್ಲಿ ನೀರು. "ಹುಚ್ಚಪ್ಪಾ, ಏನೂ ಆಗಿಲ್ಲೋ. ಹಸಿವು ಅದು. ಗುರ್ತ ಸಿಗಲಿಲ್ಲೇನು?"

ನಾನು ಅತ್ತೆನೋ ನಕ್ಕೆನೋ ಈಗ ನೆನಪಿಲ್ಲ. ಆಯಿ ಕಾಯಿಯ ತುದಿ ಮುರಿದು ತಲೆಕೆಳಗೆ ಮಾಡಿದಳು. ಕಪ್ಪು ಬೀಜಗಳು ಮುಂದಿದ್ದ ಮೊರದಲ್ಲಿ ಸುರಿದವು. "ಉಡಿ ಒಡ್ಡು ತಂಗಿ" ಎಂದಳು ನನಗೆ. ಕೆಡಿಸಿದವಳು ನಾನು, ನನಗೇ. ಸೆರಗು ಒಡ್ಡಿದೆ. ಐದು ಬೀಜ ಎಣಿಸಿ ಹಾಕಿದಳು. ಉಳಿದದ್ದನ್ನು ಹತ್ತು ಮನೆಗೆ ಎಂದು ತೆಗೆದಿಟ್ಟಳು.

ಆಮೇಲೆ ತೊಟ್ಟಿಯ ಅಂಚಿನ ಹಕ್ಕರಕಿ ಸೊಪ್ಪು ಕಿತ್ತು, ನೀರಿನಲ್ಲಿ ಜಾಡಿಸಿ, ತಟ್ಟೆಯಲ್ಲಿ ಉಪ್ಪಿನ ಜೊತೆ ತಂದಳು. ಅಷ್ಟೇ ಇದ್ದದ್ದು. ಅದನ್ನು ಹಿಡಿದು ನಾನು ಅವರ ಮುಂದೆ ಕೂತೆ.

ಕೆಳಗೆ ಗಾಡಿ ನಿಂತ ಸದ್ದಾಯಿತು. ಮಧುಮತಿ ಡಾಕ್ಟರು ಏದುಸಿರು ಬಿಡುತ್ತ ಮೇಲೆ ಬಂದರು. ನನ್ನ ಗಂಡನ ಮಣಿಕಟ್ಟು ಹಿಡಿದು ಪಟ್ಟಿ ಓದಿದರು, ನಂಬಿಕೆ ಬಾರದೆ ಇನ್ನೊಂದು ಸಲ ಓದಿದರು. "ಖರೇನ ಬಂದೈತಲ್ರಿ" ಎಂದರು. ಮರುಕ್ಷಣ ಗಾಬರಿಯಾದರು. "ಹಂಗಾರ ಸುಮ್ನ ಯಾಕ ಕುಂತೀರಿ? ಮೊದಲ ತಿನ್ರಿ."

ಅಂದಾನೆಪ್ಪ ತಟ್ಟೆಯ ಕಡೆ ನೋಡಿದರು. ಒಂದು ಎಲೆ ತೆಗೆದು ಮೂಗಿಗೆ ಹಿಡಿದು ಮತ್ತೆ ಅಲ್ಲೇ ಇಟ್ಟರು. ಎರಡೂ ಕೈ ಹೊಟ್ಟೆಯ ಮೇಲಿಟ್ಟು ಗೋಡೆಗೆ ಒರಗಿದರು.

"ತಡೀರಿ ಡಾಕ್ಟರ" ಎಂದರು. "ಎಷ್ಟ ವರ್ಷಕ್ಕ ಬಂದೈತಿ. ಇನ್ನೊಂಚೂರು ಹೊತ್ತು ಕುಂಡ್ರಲಿ."

ಹೊತ್ತು ಗುಡ್ಡದ ಹಿಂದೆ ಇಳಿಯುತ್ತಿತ್ತು. ನಾನು ತಟ್ಟೆ ಹಿಡಿದುಕೊಂಡು ಅವರ ಪಕ್ಕದಲ್ಲಿ ಕಾದೆ.